ಘಟ್ಟ ಇಳಿದು ಬಂದವರಿಗೆ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಕಡಲ ಕೆಲಸದ ನಡುವೆ ನನಗಾದ ಅನಾಹುತದ ಸುದ್ದಿ, ನಾನಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಚೇರಂಬಾಣೆಯಿಂದ ಭಾಗಮಂಡಲದವರೆಗೆ ಬಗೆಬಗೆಯ ರೂಪ ತಾಳಿ ಹಬ್ಬಿತ್ತೆಂದು ಆಮೇಲೆ ತಿಳಿಯಿತು. ಕೆಲವರು ನನ್ನ ಗಾಳಿಯ ಸಿಲಿಂಡರ್ ಖಾಲಿಯಾಯಿತೆಂದು ಕೇಳಿದ್ದರು, ಕೆಲವರು ಯಾವುದೋ ದೊಡ್ಡ ಮೀನು ಕಾಲು ಕಚ್ಚಿತೆಂದು ನಂಬಿದ್ದರು, ಹಿರಿಯರೊಬ್ಬರು ಮನೆಗೇ ಬಂದು ಅವ್ವನಿಗೆ ಸಾಂತ್ವನ ಹೇಳಿ ಹೋಗಿದ್ದರು. ಗಾಳಿ ಖಾಲಿಯಾಗಿರಲಿಲ್ಲ, ಯಾವ ಮೀನೂ ಕಚ್ಚಿರಲಿಲ್ಲ, ಸಾಂತ್ವನದ ಮಾತಿಗೂ ಸ್ವಲ್ಪ ಅವಸರವಾಯಿತು. ಈ ಅಕ್ಟೋಬರಿನಲ್ಲಿ ನಾನು ಮತ್ತೆ ಕೆಲಸಕ್ಕೆ ಹಾಜರಾಗಿದ್ದೇನೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿ, ನನ್ನ ಕಾಲುಗಳು ನನಗೆ ಮರಳಿ ಸಿಗುವಂತೆ ಮಾಡಿದವರನ್ನು ಎಲ್ಲರೆದುರು ನೆನೆಯುವುದು ನನ್ನ ಮೇಲಿರುವ ಋಣವೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಮಗ ಹೊರಗೆ ಕೆಲಸಕ್ಕೆ ಹೋಗಿದ್ದಾನೆ ಎಂದರೆ ಕೇಳಿದವರಿಗೆ ಮೊದಲು ಸೈನ್ಯದ ನೆನಪಾಗುತ್ತದೆ. ಸಮುದ್ರದಲ್ಲಿ ಎಂದರೆ ನೌಕಾಪಡೆಯೇ ಎಂದು ಕೇಳುತ್ತಾರೆ, ಅದೂ ಅಲ್ಲವೆಂದಾಗ ಮಾತು ಕಾಫಿಯ ರೇಟಿನ ಕಡೆಗೆ ಹೊರಳುತ್ತದೆ. ಹದಿನೇಳು ವರ್ಷ ನಾನು ಮಾಡಿದ್ದು ನೀರಿನಡಿಯ ಫಿಟ್ಟರ್ ಕೆಲಸ. ದಡಕ್ಕೆ ಬರಲಾಗದಷ್ಟು ದೊಡ್ಡ ತೈಲದ ಹಡಗುಗಳನ್ನು ಕಡಲಿನ ನಡುವೆಯೇ ಒಂದು ಭಾರಿ ತೇಲುಬೋಯಾಕ್ಕೆ ಕಟ್ಟುತ್ತಾರೆ. ಹಡಗಿನ ತೈಲ ಆ ಬೋಯಾದ ಅಡಿಯಿಂದ ಇಳಿಬಿಟ್ಟ ರಬ್ಬರ್ ಹೋಸುಗಳ ಮೂಲಕ ಸಮುದ್ರತಳದ ಪೈಪಿಗೆ, ಅಲ್ಲಿಂದ ದಡಕ್ಕೆ ಹೋಗುತ್ತದೆ. ಆ ಹೋಸುಗಳ ಬೋಲ್ಟ್ ಬಿಗಿ ನೋಡುವುದು, ಸರಪಳಿಯ ಕೊಂಡಿಗಳು ಎಷ್ಟು ಸವೆದಿವೆಯೆಂದು ಅಳೆಯುವುದು, ಕಲ್ಲಿನಂತೆ ಅಂಟಿಕೊಂಡ ಚಿಪ್ಪುಗಳನ್ನು ಕೆರೆದು ತೆಗೆಯುವುದು, ಇವು ನಮ್ಮ ದಿನನಿತ್ಯದ ಕೆಲಸಗಳು. ಹವಳದ ನಡುವೆ ಬಣ್ಣದ ಮೀನುಗಳು ಸುಳಿದಾಡುವ ಚಿತ್ರ ಮನಸ್ಸಿನಲ್ಲಿದ್ದರೆ ದಯವಿಟ್ಟು ಅಳಿಸಿಬಿಡಿ. ನಮ್ಮ ಕರಾವಳಿಯ ನೀರಿನಲ್ಲಿ ಎಷ್ಟೋ ದಿನ ಚಾಚಿದ ಕೈಯ ಬೆರಳೇ ಕಾಣುವುದಿಲ್ಲ, ಬೋಲ್ಟನ್ನು ತಡವಿಯೇ ಹುಡುಕಬೇಕು.

ಪ್ರವಾಸಿಗರಂತೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ವತಂತ್ರವಾಗಿ ಈಜಾಡುವವರೂ ನಾವಲ್ಲ. ಬೆನ್ನಿನ ಸಿಲಿಂಡರ್ ನಮಗೆ ಆಪತ್ತಿಗಷ್ಟೇ. ಉಸಿರಾಡುವ ಗಾಳಿ ಮೇಲಿನ ಹಡಗಿನಿಂದ ಒಂದು ಉದ್ದನೆಯ ಕೊಳವೆಯಲ್ಲಿ ಬರುತ್ತದೆ. ಆ ಕೊಳವೆ, ಮಾತಿನ ತಂತಿ, ಆಳ ಅಳೆಯುವ ಸಣ್ಣ ನಳಿಕೆ, ಭಾರ ಹೊರುವ ಹಗ್ಗ, ಇವೆಲ್ಲವನ್ನೂ ಸೇರಿಸಿ ಕಟ್ಟಿದ ಕಟ್ಟಿಗೆ ಅಂಬಿಲಿಕಲ್ ಎನ್ನುತ್ತಾರೆ. ಹೊಕ್ಕುಳಬಳ್ಳಿ ಎಂದೇ ಅದರ ಅರ್ಥ. ಅದನ್ನು ಡೆಕ್ಕಿನ ಮೇಲೆ ನಿಂತು ಎರಡೂ ಕೈಯಲ್ಲಿ ಹಿಡಿದು, ಮುಳುಗಿದವನಿಗೆ ಬೇಕಾದಷ್ಟೇ ಬಿಡುತ್ತ, ಸಡಿಲವಾದದ್ದನ್ನು ಸೆಳೆದುಕೊಳ್ಳುತ್ತ ಇರುವವನು ಟೆಂಡರ್. ಒಬ್ಬ ನೀರಿಗಿಳಿದರೆ ಇನ್ನೊಬ್ಬ ಮುಳುಗುಗಾರ ಪೂರ್ತಿ ಸಿದ್ಧವಾಗಿ, ಹೆಲ್ಮೆಟ್ ಒಂದನ್ನು ಮಾತ್ರ ಹಾಕಿಕೊಳ್ಳದೆ ಮೇಲೆ ಕುಳಿತಿರುತ್ತಾನೆ, ಅವನು ಸ್ಟ್ಯಾಂಡ್‌ಬೈ. ಇವರೆಲ್ಲರ ಮೇಲೆ ಡೈವ್ ಸೂಪರ್‌ವೈಸರ್. ಕೆಲಸ ಸುಗಮವಾಗಿ ನಡೆದ ದಿನ ಹೆಸರು ಬರುವುದು ಮುಳುಗಿದವನಿಗೆ. ನಾನೂ ಅನೇಕ ವರ್ಷ ಆ ಹೆಸರನ್ನು ಒಬ್ಬನೇ ಇಟ್ಟುಕೊಂಡವನು.

ಕಡಲು ಒರಟಾಗುವುದೆಂದರೆ ಬಿರುಗಾಳಿ ಬೀಸಬೇಕು, ಮೋಡ ಕವಿಯಬೇಕು ಎಂದೇ ಬೆಟ್ಟದ ಮೇಲಿನ ನಾವೆಲ್ಲ ತಿಳಿದಿರುತ್ತೇವೆ. ನಾನು ಕೂಡ ಮೊದಲು ಹಾಗೆಯೇ ತಿಳಿದಿದ್ದೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ತೀರದಲ್ಲಿ ಎಲೆ ಅಲ್ಲಾಡದೆ ಬಿಸಿಲು ಸುಡುತ್ತಿರುವಾಗಲೇ, ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಎಂದೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ತಲುಪುತ್ತವೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಎಂಬ ಹೆಸರಿಟ್ಟಿದ್ದಾರೆ, ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. 2012ರಲ್ಲಿ ಯುನೆಸ್ಕೋ ಕೂಡ ಅದೇ ಹೆಸರನ್ನು ಒಪ್ಪಿಕೊಂಡಿತು. ಈಗ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದರ ಮುನ್ಸೂಚನೆ ಕೊಡುತ್ತದೆ. ಅಲೆಯ ಕುಲುಕು ಅದರ ಉದ್ದದ ಅರ್ಧದಷ್ಟು ಆಳದವರೆಗೂ ಇಳಿಯುತ್ತದೆ. ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಆಳ ಸಮುದ್ರದಲ್ಲಿ 200 ಮೀಟರನ್ನೂ ಮೀರುವುದರಿಂದ, 32 ಮೀಟರ್ ಕೆಳಗೆ ನೆಲ ಮುಟ್ಟಿ ನಿಂತವನಿಗೂ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಮೇಲಿನಿಂದ ನೋಡಿದರೆ ನೀರು ಮೆಲ್ಲಗೆ ಉಸಿರಾಡಿದಂತೆ ಕಾಣುತ್ತದೆ. ಕೆಳಗೆ ಅದೇ ನೀರು ನಮ್ಮನ್ನು ಆಚೆಗೊಮ್ಮೆ ಈಚೆಗೊಮ್ಮೆ ಒಯ್ಯುತ್ತದೆ. ಒಂದು ಕೈ ಸ್ಪ್ಯಾನರಿಗೆ, ಇನ್ನೊಂದು ಕೈ ಸರಪಳಿಗೆ ಎಂದು ಹಂಚಿಕೊಂಡೇ ಕೆಲಸ ಮಾಡಬೇಕು.

ಆ ವಾರ ನಾಲ್ಕು ದಿನಗಳಲ್ಲಿ ಎರಡು ದಿನ ನಮ್ಮ ಸೂಪರ್‌ವೈಸರ್ ಯಾರನ್ನೂ ನೀರಿಗಿಳಿಸಲಿಲ್ಲ. ಅವರು ಕೈಗಡಿಯಾರ ನೋಡುತ್ತ ರೇಲಿಂಗಿನ ಬಳಿ ನಿಂತು ಅಲೆಗಳ ನಡುವಿನ ಹೊತ್ತನ್ನು ಎಣಿಸಿ, ಬಂದು ದಿನಚರಿಯಲ್ಲಿ ‘ಇಂದು ಡೈವಿಂಗ್ ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದರು. ಮಳೆಗಾಲ ಹಿಡಿಯುವ ಮೊದಲು ಕೆಲಸ ಮುಗಿಸಬೇಕೆಂದು ದಡದ ಕಚೇರಿಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ನೀರಿಗಿಳಿಯದ ದಿನ ಆಳದ ಭತ್ಯೆ ಇಲ್ಲವಾದ್ದರಿಂದ ನಾವೂ ಅವರ ಬೆನ್ನ ಹಿಂದೆ ಗೊಣಗುತ್ತಿದ್ದೆವು, ಎಲ್ಲರಿಗಿಂತ ಗಟ್ಟಿಯಾಗಿ ಗೊಣಗಿದವನು ನಾನು. ಆ ಮಾತುಗಳಿಗಾಗಿ ಇಲ್ಲಿ ಬಹಿರಂಗವಾಗಿ ಕ್ಷಮೆ ಕೇಳುತ್ತೇನೆ. ಐದನೆಯ ದಿನ ಬೆಳಿಗ್ಗೆ ಅಲೆ ನಿಜಕ್ಕೂ ತಗ್ಗಿತ್ತು. ಅಂದು ಇಳಿಯಲು ಒಪ್ಪಿದ್ದು ತಮ್ಮ ತಪ್ಪೆಂದು ಅವರು ಇಂದಿಗೂ ಮನಸ್ಸಿಗೆ ಹಚ್ಚಿಕೊಂಡಿದ್ದಾರೆಂದು ಕೇಳಿದ್ದೇನೆ. ಅದು ತಪ್ಪಾಗಿರಲಿಲ್ಲ. ತಳದಲ್ಲಿರುವ ಹೊತ್ತನ್ನು 25 ನಿಮಿಷಕ್ಕೆ ಇಳಿಸಿದವರು ಅವರು, ನಾನು ನೀರಿಗಿಳಿಯುವ ಮೊದಲೇ ಡೆಕ್ಕಿನ ಮೇಲಿನ ಒತ್ತಡದ ಕೋಣೆಯನ್ನು, ಅಂದರೆ ಚೇಂಬರನ್ನು, ಸಿದ್ಧವಾಗಿಡಿಸಿದವರೂ ಅವರೇ. ಆ ಎರಡು ನಿರ್ಧಾರಗಳಿಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೆಂದು ಹೇಳಲಾರೆ.

ಇಪ್ಪತ್ತನೆಯ ನಿಮಿಷದ ಸುಮಾರಿಗೆ ಅಲೆ ಮತ್ತೆ ಎದ್ದಿತು. ಬೋಯಾ ಮೇಲಕ್ಕೆದ್ದಾಗ ಬಿಗಿದು, ಇಳಿದಾಗ ಸಡಿಲಗೊಳ್ಳುತ್ತಿದ್ದ ಸರಪಳಿ ಒಮ್ಮೆ ಪಕ್ಕಕ್ಕೆ ಹೊಡೆದು, ನನ್ನ ಅಂಬಿಲಿಕಲ್ಲನ್ನು ಹೋಸಿನ ಕ್ಲಾಂಪಿಗೆ ಒತ್ತಿ ಹಿಡಿಯಿತು. ಗಾಳಿ ಬರುತ್ತಿತ್ತು, ಆದರೆ ಮಾತಿನ ತಂತಿ ಸತ್ತುಹೋಯಿತು. ಹಗ್ಗವನ್ನು ನಾಲ್ಕು ಬಾರಿ ಎಳೆದರೆ ಮೇಲೆತ್ತಿ ಎಂದು ಅರ್ಥ. ನಾನು ಎಷ್ಟು ಎಳೆದರೂ ಆ ಎಳೆತ ಕ್ಲಾಂಪಿನಿಂದಾಚೆಗೆ ದಾಟುತ್ತಿರಲಿಲ್ಲ.

ಮೇಲೆ ಅಂಬಿಲಿಕಲ್ ಹಿಡಿದಿದ್ದವನು ಉಳ್ಳಾಲದ ಕಡೆಯ ಹುಡುಗ, ಮೀನುಗಾರರ ಮನೆಯವನು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ತಂತಿಯಲ್ಲಿ ಸದ್ದು ನಿಂತದ್ದನ್ನು ಉಳಿದವರು ಗಮನಿಸುವ ಮೊದಲೇ ಅವನು ಸೂಪರ್‌ವೈಸರಿಗೆ, “ಸಾರ್, ಹಗ್ಗದಲ್ಲಿ ಅಣ್ಣ ಇಲ್ಲ, ಬರೀ ಸರಪಳಿ ಇದೆ” ಎಂದನಂತೆ. ಗಾಳದ ದಾರದ ತುದಿಯಲ್ಲಿರುವುದು ಮೀನೋ ಕಲ್ಲೋ ಎಂಬುದನ್ನು ಬೆರಳಿನಿಂದಲೇ ತಿಳಿಯಲು ಅವನಿಗೆ ಚಿಕ್ಕಂದಿನಲ್ಲಿ ಅವನ ತಂದೆ ಕಲಿಸಿದ್ದರು. ಅಲೆಗೆ ತಕ್ಕಂತೆ ಒಂದೇ ಸಮನಾಗಿ ಎಳೆಯುವ ಹಗ್ಗದಲ್ಲಿ ಮನುಷ್ಯನಿಲ್ಲವೆಂದು ಹೇಳುವ ಪಾಠ ನಮ್ಮ ಯಾವ ತರಬೇತಿಯ ಪುಸ್ತಕದಲ್ಲೂ ನಾನು ಓದಿದ್ದಿಲ್ಲ. ಆ ಹುಡುಗನಿಗೂ, ನಾನು ಕಂಡೇ ಇರದ ಅವನ ತಂದೆಗೂ ನನ್ನ ಮೊದಲ ವಂದನೆ.

ಎರಡನೆಯದು ಸ್ಟ್ಯಾಂಡ್‌ಬೈಗೆ. ಎದ್ದ ಅಲೆಯಲ್ಲಿ ಹಡಗಿನ ಮಗ್ಗುಲಿಗೆ ಬಡಿಯುತ್ತಿದ್ದ ಬುಟ್ಟಿಯಲ್ಲಿ ನಿಂತು ಆತ ಇಳಿದು ಬಂದರು. ಆ ನೀರಿನಲ್ಲಿ ನನಗೆ ಮೊದಲು ತಿಳಿದದ್ದು ನನ್ನ ಭುಜದ ಮೇಲೆ ಬಿದ್ದ ಒಂದು ಕೈ. ಸರಪಳಿ ಸಡಿಲವಾಗುವ ಎರಡು ಮೂರು ಸೆಕೆಂಡುಗಳನ್ನೇ ಕಾದು, ಪ್ರತಿ ಸಲವೂ ಇಷ್ಟಿಷ್ಟೇ ಎಳೆದು, ಅವರು ಕೊಳವೆಯನ್ನು ಬಿಡಿಸಿದರು. ಅಷ್ಟರಲ್ಲಿ ತಳದಲ್ಲಿ ನಾನಿದ್ದ ಹೊತ್ತು 54 ನಿಮಿಷವಾಗಿತ್ತು.

ಅಪಾಯವಿದ್ದದ್ದು ಆ ಹೆಚ್ಚಿನ ನಿಮಿಷಗಳಲ್ಲೇ. ಪ್ರತಿ 10 ಮೀಟರ್ ಆಳಕ್ಕೆ ನೀರು ಒಂದು ವಾತಾವರಣದಷ್ಟು ಒತ್ತಡವನ್ನು ಹೇರುತ್ತದೆ. 32 ಮೀಟರಿನಲ್ಲಿ ಮೈಮೇಲಿನ ಒತ್ತಡ ನೆಲದ ಮೇಲಿನದರ ನಾಲ್ಕು ಪಟ್ಟಿಗೂ ಹೆಚ್ಚು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೂ ಮಾಂಸಕ್ಕೂ ನರಗಳಿಗೂ ಕರಗಿ ಸೇರುತ್ತ ಹೋಗುತ್ತದೆ. ಬೇಗ ಮೇಲೆ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದಂತೆ ಅದು ಗುಳ್ಳೆಗಳಾಗಿ ಎದ್ದು ನರಗಳನ್ನು ಅಡ್ಡಗಟ್ಟುತ್ತದೆ. ಆದ್ದರಿಂದ ದಾರಿಯಲ್ಲಿ ಗೊತ್ತಾದ ಆಳಗಳಲ್ಲಿ ಗೊತ್ತಾದಷ್ಟು ಹೊತ್ತು ನಿಂತು ಬರಬೇಕು. ಕಡಲು ಒರಟಾದಾಗ ಮೇಲಿನ ಕೆಲವು ಮೀಟರುಗಳಲ್ಲಿ ಹಾಗೆ ಒಂದೇ ಆಳದಲ್ಲಿ ನಿಲ್ಲುವುದಾಗುವುದಿಲ್ಲ. ಅಲೆ ಎತ್ತಿ ಇಳಿಸುತ್ತಿರುತ್ತದೆ. ಅದಕ್ಕೆ ಇರುವ ಉಪಾಯವೆಂದರೆ ಮುಳುಗಿದವನನ್ನು ನೀರಿನಿಂದ ತೆಗೆದು, ಐದು ನಿಮಿಷದೊಳಗೆ ಡೆಕ್ಕಿನ ಉಕ್ಕಿನ ಚೇಂಬರಿಗೆ ಹಾಕಿ, ಮತ್ತೆ ಒತ್ತಡ ಕೊಟ್ಟು ಉಳಿದದ್ದನ್ನು ಅಲ್ಲಿ ತೀರಿಸುವುದು. ಬುಟ್ಟಿ ಅಲೆಗೆ ತೂಗಾಡಿ ಡೆಕ್ಕಿಗೆ ಬರುವುದು ತಡವಾಯಿತು, ಆ ಐದು ನಿಮಿಷ ಮೀರಿತು. ಹೆಲ್ಮೆಟ್ ತೆಗೆದಾಗ ನಾನು ಚೆನ್ನಾಗಿದ್ದೇನೆ ಎಂದೇ ಹೇಳಿದೆನಂತೆ. ಚೇಂಬರಿನ ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗ ಎಡಗಾಲು ನನ್ನದಲ್ಲವೆನಿಸಿತು, ಒಳಗೆ ಮಲಗುವ ಹೊತ್ತಿಗೆ ಬಲಗಾಲೂ ಅದೇ ದಾರಿ ಹಿಡಿದಿತ್ತು.

ಚಿಕಿತ್ಸೆ ಅಲ್ಲಿಯೇ ಶುರುವಾಯಿತು. 18 ಮೀಟರ್ ಆಳದ ಒತ್ತಡದಲ್ಲಿ ಇಪ್ಪತ್ತು ನಿಮಿಷ ಶುದ್ಧ ಆಮ್ಲಜನಕ, ಐದು ನಿಮಿಷ ಗಾಳಿ, ಮತ್ತೆ ಆಮ್ಲಜನಕ, ಆಮೇಲೆ ನಿಧಾನವಾಗಿ 9 ಮೀಟರಿನ ಒತ್ತಡಕ್ಕೆ ಬಂದು ಅಲ್ಲಿ ಇನ್ನಷ್ಟು. ಎಲ್ಲ ಸೇರಿ 4 ಗಂಟೆ 45 ನಿಮಿಷ. ನನ್ನ ವಿಷಯದಲ್ಲಿ ಅದನ್ನು ಇನ್ನೂ ಬೆಳೆಸಬೇಕಾಯಿತು. ಇಲ್ಲಿ ಹೊರಗಿನವರು ಯೋಚಿಸದ ಒಂದು ಸಂಗತಿಯಿದೆ. ರೋಗಿಯ ಜತೆಗೆ ಒಳಗೆ ಕೂರುವ ಸಹಾಯಕ ಕೂಡ ಅಷ್ಟೇ ಒತ್ತಡಕ್ಕೆ ಇಳಿದಿರುತ್ತಾನೆ. ನೀರು ಮುಟ್ಟದೆಯೇ ಅವನೂ 18 ಮೀಟರ್ ಮುಳುಗಿದ ಹಾಗೆ, ಹೊರಬರುವ ಮುನ್ನ ಅವನೂ ಆಮ್ಲಜನಕ ಉಸಿರಾಡಿ ತನ್ನ ಪಾಲಿನ ಸಾರಜನಕವನ್ನು ಕಳೆಯಬೇಕು. ಬಾಗಿಲು ಮುಚ್ಚಿದ ಮೇಲೆ ಬೇಸರವಾಯಿತೆಂದು ಎದ್ದು ಹೋಗುವಂತಿಲ್ಲ. ಆ ಸೆಕೆಯಲ್ಲಿ, ಒಂದು ಮಂಚದಷ್ಟು ಜಾಗದಲ್ಲಿ ಕುಳಿತು, ಹತ್ತು ನಿಮಿಷಕ್ಕೊಮ್ಮೆ ನನ್ನ ಪಾದವನ್ನು ಪಿನ್ನಿನಿಂದ ಚುಚ್ಚಿ, “ಈಗ ಗೊತ್ತಾಯಿತಾ?” ಎಂದು ಕೇಳುತ್ತಲೇ ಇದ್ದ ಆ ಗೆಳೆಯನಿಗೆ ಮೂರನೆಯ ವಂದನೆ. ಮೂರನೆಯ ಗಂಟೆಯಲ್ಲಿ ಒಮ್ಮೆ ಗೊತ್ತಾಯಿತು. ಅವನು ಅತ್ತ.

ಈ ವಂದನೆಗಳ ಸಾಲಿನಲ್ಲಿ ಕೆಲವು ಆಡುಗಳೂ ಇವೆ ಎಂದರೆ ನಗಬೇಡಿ. ಬ್ರಿಟನ್ನಿನ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ತಮ್ಮ ಸಂಗಡಿಗರೊಂದಿಗೆ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಎಷ್ಟು ಬೇಗ ಹೊರತಂದರೆ ಅವು ಕಾಲು ಎತ್ತಿ ಕುಂಟುತ್ತವೆ ಎಂಬುದನ್ನು ಗಮನಿಸಿ, ಹಂತಹಂತವಾಗಿ ಮೇಲೆ ಬರುವ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಕೋಷ್ಟಕಗಳು ಎಷ್ಟೋ ಬದಲಾಗಿದ್ದರೂ ಹಂತಹಂತವಾಗಿ ಬರುವ ಕ್ರಮ ಅಂದಿನದೇ. ಆಸ್ಪತ್ರೆಯಲ್ಲಿ ವಾಕರ್ ಹಿಡಿದು ಮೊದಲ ಸಲ ಓಡಾಡುವಾಗ, ಎಡಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದ ನನಗೆ ಆ ಆಡುಗಳ ನೆನಪು ಬಂದು ನಗು ತಡೆಯಲಾಗಲಿಲ್ಲ.

ದಡದಲ್ಲಿ ಇನ್ನೂ ಹಲವು ಬಾರಿ ಚೇಂಬರಿನ ಚಿಕಿತ್ಸೆ ನಡೆಯಿತು. ಬಿಡುಗಡೆಯ ದಿನ ವೈದ್ಯರು ಮನೆ ಎಲ್ಲಿ ಎಂದು ಕೇಳಿದರು. ಮಡಿಕೇರಿಯಿಂದ ಒಳಗೆ ಎಂದೆ. ಅವರು ಪೆನ್ನು ಕೆಳಗಿಟ್ಟು, ಆರು ವಾರ ಅಲ್ಲಿಗೆ ಹೋಗುವಂತಿಲ್ಲ ಎಂದರು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಎಂಟನೆಯ ಒಂದು ಭಾಗದಷ್ಟು ಕಡಿಮೆ. ಊರಿನವರಿಗೆ ಅದು ಬರೀ ತಂಪು ಗಾಳಿ, ನರದಲ್ಲಿ ಗುಳ್ಳೆಯ ಗಾಯವಿರುವವನಿಗೆ ಅದು ಮತ್ತೊಮ್ಮೆ ಅವಸರದಲ್ಲಿ ನೀರಿನಿಂದ ಮೇಲೆದ್ದ ಹಾಗೆ. ಆಳದಲ್ಲಿ ಹೆಚ್ಚು ಹೊತ್ತು ದುಡಿದ ಮುಳುಗುಗಾರ ಒಂದು ದಿನವಾದರೂ ವಿಮಾನ ಹತ್ತಬಾರದೆಂಬ ನಿಯಮ ಇರುವುದೂ ಇದೇ ಕಾರಣಕ್ಕೆ. ಹದಿನೇಳು ವರ್ಷವೂ ನಾನು ರಜೆಯಲ್ಲಿ ಮಂಗಳೂರಿನಿಂದ ನೇರ ಊರಿಗೆ ಬಾರದೆ ಸಂಪಾಜೆಯ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದೇ ಬರುತ್ತಿದ್ದೆ. ಅಕ್ಕನ ಮೇಲಿನ ಪ್ರೀತಿಯಿಂದ ಎಂದು ಅವಳು ಎಲ್ಲರೊಡನೆ ಹೇಳಿಕೊಳ್ಳುತ್ತಿದ್ದಳು, ನಾನೂ ತಿದ್ದಿರಲಿಲ್ಲ.

ಆ ಆರು ವಾರವೂ ಅದೇ ಮನೆಯಲ್ಲಿ ಕಳೆಯಿತು. ಘಟ್ಟದ ಬುಡದ ಆ ಊರಿನಲ್ಲಿ ಮಳೆ ಶುರುವಾಗಿ ಪಯಸ್ವಿನಿ ತುಂಬಿ ಹರಿಯತೊಡಗಿತ್ತು. ನಮ್ಮ ಮನೆಯ ಮಾಡಿನಿಂದ ಇಳಿದ ನೀರು ಕಾವೇರಿ ಸೇರಿ ಮೂಡಣ ಕಡಲಿಗೆ ಹೋಗುತ್ತದೆ, ಅಕ್ಕನ ಮನೆಯ ಮಾಡಿನ ನೀರು ಪಯಸ್ವಿನಿಯೊಡನೆ ನನ್ನ ಕೆಲಸದ ಅರಬ್ಬೀ ಸಮುದ್ರಕ್ಕೇ ಇಳಿಯುತ್ತದೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತು ನೋಡಲು ನನಗಿದ್ದದ್ದು ಅದೊಂದೇ. ಬಾವ ತಮ್ಮ ಅಡಿಕೆ ತೋಟದ ಕೆಲಸಗಳ ನಡುವೆಯೇ ಜಗಲಿಯಿಂದ ಬಚ್ಚಲಿನವರೆಗೆ ಅಡಿಕೆ ಮರದ ಸಲಾಕೆಯಿಂದ ಒಂದು ಕೈಹಿಡಿ ಕಟ್ಟಿಕೊಟ್ಟರು. ನರದ ಈ ತೊಂದರೆಯಲ್ಲಿ ಮೂತ್ರದ ಹಿಡಿತವೂ ಕೆಲಕಾಲ ತಪ್ಪುತ್ತದೆ. ಅದನ್ನು ಒಂದು ಮಾತೂ ಆಡದೆ, ಮುಖದಲ್ಲೂ ತೋರಿಸದೆ ನೋಡಿಕೊಂಡವರು ಬಾವ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ; ಬರೆಯದಿದ್ದರೆ ಅವರ ಋಣದ ದೊಡ್ಡ ಪಾಲನ್ನೇ ಮುಚ್ಚಿಟ್ಟಂತಾಗುತ್ತಿತ್ತು.

ನಾನು ಹತ್ತಲಾರೆನೆಂದು ತಿಳಿದು ಊರೇ ಇಳಿದು ಬಂತು. ಅವ್ವ ವಾರಕ್ಕೆ ಎರಡು ಸಲ ಚೇರಂಬಾಣೆಯಿಂದ ಮಡಿಕೇರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಘಟ್ಟದ ತಿರುವುಗಳನ್ನು ಕಣ್ಣು ಮುಚ್ಚಿಕೊಂಡೇ ದಾಟಿ, ಕಾಡುಮಾವಿನ ಉಪ್ಪಿನಕಾಯಿಯ ಭರಣಿಯನ್ನೋ ನೀರಿನಲ್ಲಿಟ್ಟು ಕಹಿ ತೆಗೆದ ಕಣಿಲೆಯನ್ನೋ ಹಿಡಿದು ಬರುತ್ತಿದ್ದರು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಕಡೆ ಗುಡ್ಡ ಕುಸಿದಂದಿನಿಂದ ಮಳೆಗಾಲದಲ್ಲಿ ಆ ದಾರಿಯೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತದೆ. ಬರಬೇಡಿ ಎಂದರೂ ಕೇಳಲಿಲ್ಲ. ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು ಎಂಬತ್ತರ ವಯಸ್ಸಿನಲ್ಲಿ ಬಂದು, ಒತ್ತಡದ ಲೆಕ್ಕವನ್ನು ಪೂರ್ತಿ ನನ್ನಿಂದ ಹೇಳಿಸಿ, ಒಂದು ತಪ್ಪನ್ನೂ ಹಿಡಿದು ಹೋದರು. ನಾನು ಈಜು ಕಲಿತದ್ದು ಬೇಸಿಗೆಯ ಕಾವೇರಿಯ ಗುಂಡಿಗಳಲ್ಲಿ. ಅಂದು ನನ್ನನ್ನು ನೀರಿಗೆ ತಳ್ಳಿದ ಗೆಳೆಯರು ಒಂದು ಜೀಪು ತುಂಬ ಬಂದು, ಎಲ್ಲದಕ್ಕೂ ತಾವೇ ಕಾರಣವೆಂದು ಹೆಮ್ಮೆಯಿಂದ ಒಪ್ಪಿಕೊಂಡರು.

ಬರಲಾಗದವರು ತೋಟಕ್ಕೆ ಹೋದರು. ಮುಂಗಾರು ಜೋರಾಗುವ ಮುನ್ನ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಸೊರಗು ರೋಗ ಬುಡಸಮೇತ ಒಯ್ಯುತ್ತದೆ. ಅಪ್ಪನೊಬ್ಬನಿಂದ ಆಗದ ಕೆಲಸವದು, ವರ್ಷಾವರ್ಷ ಅದೇ ಹೊತ್ತಿಗೆ ರಜೆ ಹಾಕಿ ಬಂದು ನಾನು ಕೈಜೋಡಿಸುತ್ತಿದ್ದೆ. ಆ ಸಲ ಅಕ್ಕಪಕ್ಕದ ಮೂರು ಮನೆಯವರು ತಮ್ಮ ಬಳ್ಳಿಗಳಿಗಿಂತ ಮೊದಲು ನಮ್ಮ ಬಳ್ಳಿಗಳಿಗೆ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಕಲಸಿ, ಬಿಸಿಲು ಸಿಕ್ಕ ಎರಡು ದಿನದಲ್ಲಿ ಹೊಡೆದು ಮುಗಿಸಿದರು. ಅವರಲ್ಲಿ ಒಬ್ಬರೊಡನೆ ನಮಗೆ ಬೇಲಿಯ ವಿಷಯದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಬೇಲಿ ಈಗಲೂ ಅಲ್ಲಿಯೇ ಇದೆ, ಮಾತು ಮಾತ್ರ ಮರಳಿ ಶುರುವಾಗಿದೆ.

ಅಪ್ಪ ಇಳಿದು ಬರಲಿಲ್ಲ, ಅದು ನನಗೆ ಆಗ ನೋವಾಗಿತ್ತು. ನಮ್ಮ ಕಡೆಯ ಅನೇಕ ಬೆಳೆಗಾರರಂತೆ ಅವರು ಮಳೆಯ ಪುಸ್ತಕ ಇಟ್ಟವರು. ವರ್ಷಕ್ಕೆ ಇನ್ನೂರು ಇಂಚು ದಾಟುವ ನಮ್ಮ ಮಳೆಯನ್ನು ದಿನವೂ ಬೆಳಿಗ್ಗೆ ಅಳೆದು ಇಂಚು, ಸೆಂಟುಗಳ ಲೆಕ್ಕದಲ್ಲಿ ಬರೆಯುತ್ತಾರೆ. ಅಳತೆ ತಪ್ಪುತ್ತದೆಂದು ಮದುವೆ ಮನೆಯಲ್ಲೂ ರಾತ್ರಿ ಉಳಿಯುವುದಿಲ್ಲ. ಜುಲೈಯಲ್ಲಿ ಕೋಲು ಊರಿಕೊಂಡು ಮನೆಯ ಮೆಟ್ಟಿಲು ಹತ್ತಿದ ಮೇಲೆ ಒಂದು ದಿನ ಆ ಪುಸ್ತಕವನ್ನು ತೆರೆದು ನೋಡಿದೆ. ಮೇ ತಿಂಗಳ ಆ ದಿನದ ಎದುರು ‘0–45. ಮಗನಿಗೆ ಪೆಟ್ಟು’ ಎಂದಿತ್ತು. ಅಲ್ಲಿಂದ ಮುಂದೆ ಒಂದೊಂದು ದಿನದ ಮಳೆಯ ಪಕ್ಕದಲ್ಲೂ ಅಕ್ಕ ಫೋನಿನಲ್ಲಿ ಹೇಳಿದ ಸುದ್ದಿ ಇತ್ತು: ‘ಬಲಗಾಲು ಮಡಚಿದ’, ‘ಕೋಲಿಲ್ಲದೆ ಆರು ಹೆಜ್ಜೆ’, ‘ನಿದ್ದೆ ಇಲ್ಲ’. ನಾನು ಮನೆಗೆ ಬಂದ ದಿನದ ಎದುರು ‘3–20. ಬಂದ’ ಎಂದು ಮಾತ್ರ ಬರೆದಿದ್ದರು. ಚಿಕ್ಕಂದಿನಲ್ಲಿ ಹೊಳೆಯ ಬಣ್ಣ ನೋಡಿ, ಇಂದು ದಾಟುವುದು ಬೇಡ ಎಂದು ನನ್ನನ್ನು ಶಾಲೆಗೆ ಕಳಿಸದೆ ಉಳಿಸಿಕೊಳ್ಳುತ್ತಿದ್ದವರು ಅವರು. ಕಡಲಿನಲ್ಲಿ ಸೂಪರ್‌ವೈಸರ್ ಅದನ್ನೇ ಬೇರೆ ಮಾತುಗಳಲ್ಲಿ ಬರೆದು ಸಹಿ ಹಾಕುತ್ತಿದ್ದಾಗ ನಾನೇಕೆ ಅಷ್ಟು ಗೊಣಗಿದೆನೋ ತಿಳಿಯದು.

ಎಡಪಾದದ ಹೆಬ್ಬೆರಳಿನಲ್ಲಿ ಜೋಮು ಇನ್ನೂ ಇದೆ, ಹಾಗಾಗಿ ವೈದ್ಯರು ಮತ್ತೆ ಮುಳುಗಲು ಪ್ರಮಾಣಪತ್ರ ಕೊಡಲಿಲ್ಲ. ಈ ಅಕ್ಟೋಬರಿನಿಂದ ನಾನು ಡೆಕ್ಕಿನ ಮೇಲೆ ಟೆಂಡರ್. ಉಳ್ಳಾಲದ ಆ ಹುಡುಗ ಈಗ ಮುಳುಗುಗಾರನಾಗಿದ್ದಾನೆ. ಮೊದಲ ದಿನ ಅವನ ಅಂಬಿಲಿಕಲ್ಲೇ ನನ್ನ ಕೈಗೆ ಬಂತು. ಸಂಜೆ ಅವನು ಹೆಲ್ಮೆಟ್ ತೆಗೆದು, “ಅಣ್ಣ, ಸ್ವಲ್ಪ ಸಡಿಲ ಬಿಡಬೇಕು, ಕೆಲಸ ಮಾಡಲಿಕ್ಕೇ ಆಗಲಿಲ್ಲ” ಎಂದು ದೂರಿದ. ಕಲಿಯುತ್ತಿದ್ದೇನೆ.

ಹುತ್ತರಿಗೆ ಊರಿನಲ್ಲಿರುತ್ತೇನೆ, ಹೆಸರು ಹೇಳದೆ ನೆನೆದ ಎಲ್ಲರ ಮನೆಗೂ ಖುದ್ದಾಗಿ ಬರುತ್ತೇನೆ. ನೀರಿಗಿಳಿಯದ ನನಗೆ ಈಗ ದಾರಿಯಲ್ಲಿ ತಂಗುವ ಕಾರಣವಿಲ್ಲ, ಮಂಗಳೂರಿನಿಂದ ಹತ್ತಿದ ಬಸ್ಸಿನಲ್ಲಿ ನೇರ ಮಡಿಕೇರಿಗೆ ಬರಬಹುದು. ಆದರೂ ಸಂಪಾಜೆಯಲ್ಲಿ ಇಳಿಯುತ್ತೇನೆಂದು ಅಕ್ಕನಿಗೆ ಹೇಳಿದ್ದೇನೆ. ಕಡುಬಿಗೆ ಅಕ್ಕಿ ತರಿ ಮಾಡಿಸಿಟ್ಟಿದ್ದಾಳಂತೆ.